ಹಲ್ಲಿನ ಡಾಕ್ಟರ ಕಾರು

ಎಲ್ಲಕ್ಕೂ ಮೂಲ ಒಂದು ಬಸ್ಸಿನ ಗಂಟೆ. ಗುಮಾಸ್ತರ ಹೆಂಡತಿ ಮಂಡಿನೋವಿನ ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು, ಇನ್ನೊಂದು ಕಾಲನ್ನು ನೆಲದಿಂದ ಎತ್ತುವ ಮೊದಲೇ ಕಂಡಕ್ಟರು ಗಂಟೆ ಬಾರಿಸಿಬಿಟ್ಟ. ಆಕೆ ಹೋಗಿ ಬಿದ್ದದ್ದು ಮೊಟ್ಟೆಯ ಬುಟ್ಟಿ ಹಿಡಿದು ಕೂತಿದ್ದ ದಪ್ಪ ಮನುಷ್ಯನೊಬ್ಬನ ತೊಡೆಯ ಮೇಲೆ. ಆ ಪುಣ್ಯಾತ್ಮ ಒಡೆದ ಮೊಟ್ಟೆಗಳ ಕಡೆ ಕಣ್ಣೆತ್ತಿಯೂ ನೋಡದೆ, "ಮಂಡಿಗೆ ಪೆಟ್ಟಾಯ್ತೇನಮ್ಮಾ?" ಎಂದು ಕೇಳಿ ತನ್ನ ಜಾಗ ಬಿಟ್ಟುಕೊಟ್ಟ. ಆದರೆ ಗುಮಾಸ್ತರ ಕಿವಿಗೆ ಆ ಒಳ್ಳೆಯ ಮಾತು ಬೀಳಲಿಲ್ಲ. ಅವರು ಆಗಲೇ ಕಂಡಕ್ಟರನ ವಂಶವನ್ನು ಅವನ ಮುತ್ತಜ್ಜನಿಂದ ಹಿಡಿದು ಜಾಲಾಡಿಸುತ್ತಿದ್ದರು. ಬಸ್ಸಿನಲ್ಲಿ ಸಾಲದೆ ಕಾಲೊನಿಯ ಅಂಗಳದಲ್ಲಿಯೂ ನಿಂತು, ಮುಂದಿನ ಸೋಮವಾರ ತಮ್ಮ ಹೆಂಡತಿ ಆಸ್ಪತ್ರೆಗೆ ಹೋಗುವುದು ಸ್ವಂತ ಕಾರಿನಲ್ಲಿ ಎಂದು ಎಲ್ಲ ಕಿಟಕಿಗಳಿಗೂ ಕೇಳುವಂತೆ ಸಾರಿಬಿಟ್ಟರು.

ಗುಮಾಸ್ತರಿಗೆ ಗ್ರಂಥಾಲಯದಲ್ಲಿ ಕೆಲಸ. ದಿನವಿಡೀ ತುಟಿಯ ಮೇಲೆ ಬೆರಳಿಟ್ಟುಕೊಂಡು 'ಶ್ಶ್' ಎನ್ನುವುದೇ ಉದ್ಯೋಗ. ಅಲ್ಲಿ ನುಂಗಿಕೊಂಡ ಕೂಗನ್ನೆಲ್ಲ ಜೋಪಾನವಾಗಿ ಹೊತ್ತು ತಂದು ಕಾಲೊನಿಯ ಗೇಟು ದಾಟಿದ ಕೂಡಲೇ ಇಳಿಸುತ್ತಿದ್ದರು. ಅದಕ್ಕೇ ಅಲ್ಲಿಯವರು ಅವರನ್ನು ಎದುರಿಗೆ 'ಸಾರ್' ಎಂದೂ ಬೆನ್ನ ಹಿಂದೆ 'ಕುಕ್ಕರ್' ಎಂದೂ ಕರೆಯುತ್ತಿದ್ದರು.

ಕಾಲೊನಿಯೂ ಸಾಮಾನ್ಯದ್ದಲ್ಲ. ಯಾವಾಗಲೋ ಮುಚ್ಚಿಹೋದ ಯಂತ್ರದ ಕಾರ್ಖಾನೆಯೊಂದರ ನೌಕರರಿಗೆಂದು ಕಟ್ಟಿದ ಮನೆಗಳು ಅವು. ಬಾಡಿಗೆಗೆ ಬಂದ ಗುಮಾಸ್ತರನ್ನು ಬಿಟ್ಟರೆ ಉಳಿದವರೆಲ್ಲ ಆ ಕಾರ್ಖಾನೆಯಲ್ಲಿ ದುಡಿದವರೇ. ಕಾರ್ಖಾನೆಗೆ ಬೀಗ ಬಿದ್ದರೂ ಕೈಗಳಿಗೆ ಬೀಗ ಬಿದ್ದಿರಲಿಲ್ಲ. ಯಾರ ಮನೆಗೆ ಹೊಸ ಇಸ್ತ್ರಿಪೆಟ್ಟಿಗೆ ಬಂದರೂ ಅದು ಬಟ್ಟೆಯ ಮೇಲೆ ಓಡಾಡುವ ಮೊದಲು ಅಂಗಳದಲ್ಲಿ ಒಂದು ಸಲ ಬಿಚ್ಚಿಸಿಕೊಂಡು, ತನ್ನ ಕರುಳನ್ನೆಲ್ಲ ತೋರಿಸಿ, ಮತ್ತೆ ಜೋಡಿಸಿಕೊಂಡು ಒಳಗೆ ಹೋಗಬೇಕಿತ್ತು.

ಇಂಥ ಕಾಲೊನಿಗೆ ಗುಮಾಸ್ತರು ಭಾನುವಾರ ಬೆಳಿಗ್ಗೆ ಹಳೆಯ ಕಾರೊಂದನ್ನು ತಂದರು.

ಕಾರು ಹಲ್ಲಿನ ಡಾಕ್ಟರದು. ಹಲ್ಲು ತೋರಿಸಲು ಹೋದಾಗ ಬಾಯಿ ತೆರೆದುಕೊಂಡೇ ಕೇಳಿದ್ದ, ಡಾಕ್ಟರು ಕಾರು ಮಾರುತ್ತಾರೆಂಬ ಸುದ್ದಿಯನ್ನು ನೆನಪಿಟ್ಟುಕೊಂಡು ಗುಮಾಸ್ತರು ಅವರ ಮನೆಗೆ ಹೋಗಿದ್ದರು. ಒಂದು ಕಾಲದಲ್ಲಿ ನೀಲಿಯಾಗಿದ್ದಿರಬಹುದಾದ ಆ ಕಾರು ಗೋಡೆಗೆ ಮುಖಮಾಡಿ, ತಪ್ಪು ಮಾಡಿ ನಿಲ್ಲಿಸಿಕೊಂಡ ಹುಡುಗನ ಹಾಗೆ ನಿಂತಿತ್ತು.

"ಸುಳ್ಳು ಹೇಳಲ್ಲ ಸಾರ್, ವಯಸ್ಸಾಗಿದೆ ಇದಕ್ಕೆ," ಎಂದರು ಡಾಕ್ಟರು, ಸೂಜಿ ಚುಚ್ಚುವ ಮೊದಲಿನ ಮೃದು ದನಿಯಲ್ಲಿ. "ಎಡಗಡೆ ಬಾಗಿಲು ತೆರೆಯಲ್ಲ. ನಿಲ್ಲಿಸಿದ್ರೆ ಎಂಜಿನ್ ಆಫ್ ಆಗುತ್ತೆ. ಹಾರ್ನು ನಾವು ಒತ್ತಿದ್ರೆ ಕೂಗಲ್ಲ, ಅದಕ್ಕೆ ಬೇಕಾದಾಗ ಕೂಗುತ್ತೆ. ಅದಕ್ಕೇ ಇಷ್ಟು ಅಗ್ಗಕ್ಕೆ ಕೊಡ್ತಿರೋದು. ಇವತ್ತೊಂದು ದಿನ ಇಟ್ಕೊಂಡು ನೋಡಿ, ಸಂಜೆ ಬಂದು ಹೇಳಿ."

ಗುಮಾಸ್ತರಿಗೆ ಇದರಿಂದ ಇನ್ನಷ್ಟು ಸಿಟ್ಟು ಬಂತು. ಮಾರುವವನು ಸುಳ್ಳು ಹೇಳಿದ್ದರೆ ಹಿಡಿದು ನಾಲ್ಕು ಮಾತಾದರೂ ಆಡಬಹುದಿತ್ತು. ಇಷ್ಟು ನಿಜ ಹೇಳುವ ಮನುಷ್ಯನ ಜೊತೆ ಜಗಳ ಹೇಗೆ? ಬೀಗದ ಕೈಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಹೊರಟರು.

ದಾರಿಯಲ್ಲಿ ಕಾರು ಡಾಕ್ಟರ ಒಂದೊಂದು ಮಾತನ್ನೂ ಉಳಿಸಿಕೊಟ್ಟಿತು. ತಿರುವಿನಲ್ಲಿ ತಾನಾಗಿಯೇ ನೆಗಡಿಯಾದ ಮೇಕೆಯ ಹಾಗೆ ಕೂಗಿಕೊಂಡಿತು. ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರು ತಮ್ಮನ್ನೇ ಯಾರೋ ಕರೆದರೆಂದು ನಡುರಸ್ತೆಯಲ್ಲಿ ನಿಂತರು. ಅವರಿಗಾಗಿ ಗುಮಾಸ್ತರು ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ಎಂಜಿನ್ ಸತ್ತಿತು. ಹೀಗೆ ಸಾಯುತ್ತ ಹುಟ್ಟುತ್ತ ಹಲವು ಜನ್ಮಗಳನ್ನೆತ್ತಿ ಕಾರು ಕೊನೆಗೆ ಕಾಲೊನಿಯ ಗೇಟಿನಲ್ಲಿ ಪೂರ್ತಿಯಾಗಿ ಪ್ರಾಣ ಬಿಟ್ಟಿತು. ಯಾರೂ ಕರೆಯದಿದ್ದರೂ ಅಕ್ಕಪಕ್ಕದವರೆಲ್ಲ ಓಡಿಬಂದು ಅಂಗಳದವರೆಗೆ ತಳ್ಳಿಕೊಟ್ಟರು. ಒಳಗೆ ಕೂತ ಗುಮಾಸ್ತರು, ಯಾರು ತಳ್ಳಲು ಹೇಳಿದ್ದು ಎಂದು ಕಿಟಕಿಯಿಂದ ಗದರುತ್ತಲೇ ಇದ್ದರು.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಎಡಗಡೆಯ ಬಾಗಿಲನ್ನು ಎಳೆದಳು. ಅದು ಜಗ್ಗಲಿಲ್ಲ. ಗಂಡನ ಮುಖ ಕೆಂಪಾಗುವುದನ್ನು ನೋಡಿ, ಪರವಾಗಿಲ್ಲವೆಂದು ಬಲಗಡೆಯಿಂದಲೇ ಹತ್ತಿ ಆಚೆಯ ಸೀಟಿಗೆ ದಾಟಲು ಹೋದಳು. ಗೇರಿನ ಕಡ್ಡಿಗೆ ಮಂಡಿ ತಗಲಿತು. ಅಲ್ಲಿಂದ ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ಸಿಕ್ಕಿಕೊಂಡು, "ಕಾರು ಚೆನ್ನಾಗಿದೆ ರೀ," ಎಂದಳು. ಪಕ್ಕದ ಮನೆಯ ಟೈಲರಮ್ಮ ಬಂದು ಆಕೆಯ ಕಂಕುಳಿಗೆ ಕೈಕೊಟ್ಟು ಮೆಲ್ಲಗೆ ಹೊರಗೆ ತಂದಳು.

ಅಷ್ಟಾಗಿದ್ದೇ ತಡ, ತೀರ್ಪುಗಳು ಶುರುವಾದವು. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದ ಫಿಟ್ಟರಜ್ಜ ಬಾನೆಟ್ಟಿಗೆ ಕಿವಿಯಿಟ್ಟು, ಕಫ ಕಟ್ಟಿದೆ, ಎದೆ ಬಿಚ್ಚಿ ನೋಡಬೇಕು ಎಂದರು. ವೆಲ್ಡರು ಬಾಗಿಲಿಗೆ ಎರಡು ಏಟು ಹಾಕಿ, ಕೀಲು ತುಕ್ಕು ಹಿಡಿದಿದೆ, ಇದನ್ನು ಕೊಳ್ಳುವುದಕ್ಕಿಂತ ತಳ್ಳುಗಾಡಿ ಕೊಳ್ಳುವುದು ಮೇಲು ಎಂದ. ಕಾರ್ಖಾನೆಯವರ ಸಮವಸ್ತ್ರ ಹೊಲಿಯುತ್ತಿದ್ದ ಟೈಲರಮ್ಮ ಸೀಟನ್ನು ಒತ್ತಿ ನೋಡಿ, ಒಳಗಿನ ಸ್ಪ್ರಿಂಗು ಬೆರಳಿಗೆ ಚುಚ್ಚಿದ ಮೇಲೆ, ಇದರ ಮೇಲೆ ಕೂತರೆ ಆಸ್ಪತ್ರೆಗೆ ಹೋಗುವುದಕ್ಕೆ ಇನ್ನೊಂದು ಕಾರಣ ಸಿಗುತ್ತದೆ ಎಂದಳು. ಕೊಳ್ಳಿ ಎಂದು ಒಬ್ಬರು, ಬೇಡ ಎಂದು ಇನ್ನೊಬ್ಬರು, ಕೊಂಡು ತಕ್ಷಣ ಮಾರಿಬಿಡಿ ಎಂದು ಮೂರನೆಯವರು. ಗುಮಾಸ್ತರು ಮಾತ್ರ ಏನನ್ನೂ ಹೇಳಲು ಸಂದಿ ಸಿಗದೆ ಬಾಯಿ ತೆರೆಯುತ್ತ ಮುಚ್ಚುತ್ತ ನಿಂತರು. ಕೊನೆಗೆ ಸಂದಿ ಸಿಕ್ಕಿತು.

"ಕೊಳ್ಳೋದು ನಾನು, ಓಡಿಸೋದು ನಾನು, ನಡುರಸ್ತೇಲಿ ನಿಂತ್ರೆ ಮರ್ಯಾದೆ ಕಳ್ಕೊಳ್ಳೋನು ನಾನು. ನಿಮ್ಮನ್ನ ಕೇಳಿದ್ನಾ? ಒಬ್ಬರಿಗಾದ್ರೂ ಸ್ವಂತ ಮನೇಲಿ ಕೆಲಸ ಇಲ್ವಾ?"

"ಇಲ್ಲ ಸಾರ್," ಎಂದ ವೆಲ್ಡರು ಪ್ರಾಮಾಣಿಕವಾಗಿ.

"ಹಾಗಾದ್ರೆ ಏನು ಬೇಕಾದ್ರೂ ಮಾಡ್ಕೊಳ್ಳಿ," ಎಂದು ಗುಮಾಸ್ತರು ಬೀಗದ ಕೈಯನ್ನು ಕಲ್ಲುಬೆಂಚಿನ ಮೇಲೆ ಎಸೆದು, ಭಾನುವಾರದ ಅರ್ಧ ದಿನದ ಕೆಲಸಕ್ಕೆ ನಡೆದುಕೊಂಡೇ ಹೊರಟುಹೋದರು.

ಸಿಟ್ಟಿನಲ್ಲಿ ಆಡಿದ ಮಾತನ್ನು ಬೇರೆ ಕಡೆಯ ಜನ ಗಾಳಿಗೆ ಬಿಡುತ್ತಾರೆ. ಇವರು ಹಾಗಲ್ಲ. ವರ್ಷಗಟ್ಟಲೆ ಮೇಲಿನವರ ಬಾಯಿಮಾತಿನ ಮೇಲೆಯೇ ಕೆಲಸ ಹಿಡಿದವರು, ಮೇಲಿನವರು ಬೈಯದೆ ಅಪ್ಪಣೆ ಕೊಟ್ಟದ್ದನ್ನು ಒಮ್ಮೆಯೂ ಕಾಣದವರು. 'ಏನು ಬೇಕಾದರೂ ಮಾಡಿ' ಎಂದರೆ ಅವರ ಪಾಲಿಗೆ ಅದು ಪೂರ್ಣ ಅಧಿಕಾರ. ಗುಮಾಸ್ತರು ತಿರುವಿನಲ್ಲಿ ಮರೆಯಾಗುವ ಮೊದಲೇ ಫಿಟ್ಟರಜ್ಜ ಕನ್ನಡಕ ಒರೆಸಿಕೊಂಡರು.

ಗ್ರಂಥಾಲಯದಲ್ಲಿ ಗುಮಾಸ್ತರು ಪುಸ್ತಕಗಳಿಗೆ ಮೊಹರು ಒತ್ತಿದ ರಭಸಕ್ಕೆ ಓದುತ್ತಿದ್ದವರು ಬೆಚ್ಚಿ ಬೆಚ್ಚಿ ತಲೆಯೆತ್ತಿದರು. ಗುಮಾಸ್ತರು ತಮಗೆ ತಾವೇ 'ಶ್ಶ್' ಎಂದುಕೊಳ್ಳಬೇಕಾಯಿತು. ಕೊಳ್ಳುವುದೋ ಬಿಡುವುದೋ? ಕೊಂಡರೆ ಮಂಡಿನೋವಿನ ಹೆಂಡತಿಯನ್ನು ಕೂರಿಸಿಕೊಂಡು ನಡುರಸ್ತೆಯಲ್ಲಿ ನಿಲ್ಲಬೇಕು. ಇಳಿಯೋಣವೆಂದರೆ ಆಕೆಯ ಬಾಗಿಲು ತೆರೆಯುವುದಿಲ್ಲ. ಬಿಟ್ಟರೆ ನಾಳೆ ಮತ್ತೆ ಬಸ್ಸು. ಆ ಬಸ್ಸಿನಲ್ಲಿ ಬಿದ್ದ ಮೇಲೆ ಆಕೆ ಅತ್ತಿರಲಿಲ್ಲ, ಬೈದಿರಲಿಲ್ಲ. "ಇನ್ಮೇಲೆ ಆಸ್ಪತ್ರೆಗೆ ಹೋಗೋದೇ ಬೇಡ ಬಿಡಿ, ನೋವು ಅಭ್ಯಾಸ ಆಗಿದೆ," ಎಂದಿದ್ದಳು. ಆ ಒಂದು ಮಾತು ಗುಮಾಸ್ತರಿಗೆ ಚಪ್ಪಲಿಯಲ್ಲಿ ಸೇರಿದ ಮುಳ್ಳಿನಂತಾಗಿತ್ತು. ಅವರ ಸಿಟ್ಟೆಲ್ಲ ಹುಟ್ಟುತ್ತಿದ್ದುದು ಅಲ್ಲಿಂದಲೇ, ಹೋಗಿ ಬೀಳುತ್ತಿದ್ದುದು ಮಾತ್ರ ಸಿಕ್ಕಸಿಕ್ಕವರ ಮೇಲೆ.

ಮಧ್ಯಾಹ್ನದ ಹೊತ್ತಿಗೆ ನಿರ್ಧಾರ ಮಾಡಿದರು: ಬೇಡ. ಕಾರನ್ನು ಡಾಕ್ಟರಿಗೆ ಒಪ್ಪಿಸಿ, ಹೇಗಾದರೂ ಬೇರೆ ದಾರಿ ಹುಡುಕುವುದು. ಹೆಂಡತಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಅಭ್ಯಾಸ ಮಾಡುತ್ತ ಕಾಲೊನಿಯ ಗೇಟಿಗೆ ಬಂದು, ಅಲ್ಲೇ ನಿಂತುಬಿಟ್ಟರು.

ಕಾರು ಇರಲಿಲ್ಲ. ಕಾರಿನ ಸಾಮಾನುಗಳಿದ್ದವು. ಬಾನೆಟ್ಟು ಗೋಡೆಗೆ ಒರಗಿತ್ತು. ಎಡಬಾಗಿಲು ಕಿತ್ತುಬಂದು ವೆಲ್ಡರನ ಮನೆಯ ಮೆಟ್ಟಿಲ ಮೇಲೆ ಅಂಗಾತ ಬಿದ್ದಿತ್ತು. ಎಂಜಿನ್ನಿನ ಒಳಗಿನ ಸಣ್ಣಪುಟ್ಟ ಭಾಗಗಳೆಲ್ಲ ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಹಿಂದಿನ ಸೀಟು ನೆರಳಿಗೆ ಬಂದಿತ್ತು. ಅದರ ಮೇಲೆ ಮೂವರು ಹೆಂಗಸರು ಚಹಾ ಕುಡಿಯುತ್ತಿದ್ದರು. ಅವರಲ್ಲಿ ಒಬ್ಬಳು ಗುಮಾಸ್ತರ ಹೆಂಡತಿ.

ಗುಮಾಸ್ತರ ಗಂಟಲಿನಿಂದ ಮೊದಲು ಗಾಳಿ ಬಂತು, ಆಮೇಲೆ ದನಿ ಬಂತು.

"ಯಾರ ಕಾರು ಅಂದ್ಕೊಂಡಿದ್ದೀರಿ ಇದು?"

"ನಿಮ್ದು," ಎಂದರು ಫಿಟ್ಟರಜ್ಜ, ತಲೆಯೆತ್ತದೆ.

"ನಂದಲ್ಲ. ನಾನಿನ್ನೂ ಕೊಂಡಿಲ್ಲ. ಸಂಜೆ ವಾಪಸ್ ಕೊಡ್ಬೇಕು."

"ನಿಮ್ದಲ್ದಿದ್ರೆ ನೀವ್ಯಾಕಪ್ಪಾ ಇಷ್ಟು ಬೈತೀರಿ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈ ರಾಶಿಯನ್ನು ಮೂಟೆ ಕಟ್ಟಿಕೊಂಡು ಡಾಕ್ಟರ ಮನೆಗೆ ಹೋಗುವ ಚಿತ್ರ ಗುಮಾಸ್ತರ ಕಣ್ಣಮುಂದೆ ಬಂತು. ಕೊಂಡರೂ ಕೆಟ್ಟೆ, ಬಿಟ್ಟರೂ ಕೆಟ್ಟೆ. ಆ ಕುರುಡು ಕೋಪದಲ್ಲಿ ಅವರು ಆಡಬಾರದ ಮಾತು ಆಡಿಬಿಟ್ಟರು.

"ಆ ಕಾರ್ಖಾನೆ ಯಾಕೆ ಮುಚ್ತು ಅಂತ ಇವತ್ತು ಗೊತ್ತಾಯ್ತು. ಇಂಥ ಕೈಗಳಿದ್ರೆ ಯಾವುದು ತಾನೇ ಉಳಿಯುತ್ತೆ?"

ಅಂಗಳದಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ವೆಲ್ಡರು ಏನೋ ಹೇಳಲು ಬಾಯಿ ತೆರೆದವನು ಫಿಟ್ಟರಜ್ಜನ ಮುಖ ನೋಡಿ ಮತ್ತೆ ಬಾಗಿಲಿನ ಕೀಲಿಗೆ ಬಗ್ಗಿದ. ಅಜ್ಜ ಕೈಯಲ್ಲಿದ್ದ ಪುಟ್ಟ ತಿರುಪನ್ನು ಬಟ್ಟೆಯಿಂದ ಒರೆಸಿ ಅದರ ಜಾಗದಲ್ಲಿಟ್ಟರು, ಮತ್ತೊಂದನ್ನು ಎತ್ತಿಕೊಂಡರು.

ಹೆಂಡತಿ ಕುಂಟುತ್ತ ಹತ್ತಿರ ಬಂದು, ಗಂಡನಿಗೆ ಮಾತ್ರ ಕೇಳುವಂತೆ, "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ಗೊತ್ತಲ್ಲ," ಎಂದು ಒಳಗೆ ಹೋದಳು.

ಗುಮಾಸ್ತರು ಊಟ ಮಾಡಲಿಲ್ಲ. ಅಂಗಳದ ಮೆಟ್ಟಿಲ ಮೇಲೆ ಕೂತು, ಹೆಣ ಕಾಯುವವರ ಹಾಗೆ ಆ ಸಾಮಾನು ಕಾದರು. ನಟ್ಟೊಂದು ಉರುಳಿದರೆ ಓಡಿಹೋಗಿ ಹಿಡಿದುಕೊಟ್ಟು, ಜೊತೆಗೆ ಒಂದು ಬೈಗುಳವನ್ನೂ ಕೊಟ್ಟು ಬಂದು ಕೂರುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆಯೊಂದಿತ್ತು. ಟೈಲರಮ್ಮ ಯಾವಾಗ ಇಟ್ಟು ಹೋದಳೋ ತಿಳಿಯದು. ಅವಳು ಆಗಲೇ ಸೀಟಿನ ಮುಂದೆ ಕೂತು ದಪ್ಪ ಸೂಜಿಯಲ್ಲಿ ಹೊಲಿಯುತ್ತಿದ್ದಳು. ಗುಮಾಸ್ತರು ಆಚೀಚೆ ನೋಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಉಂಡರು. ಎಲ್ಲರೂ ನೋಡುತ್ತಿದ್ದರು, ನೋಡದವರ ಹಾಗೆ ಇದ್ದರು, ಅಷ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಸಾಮಾನೆಲ್ಲ ಸೇರಿ ಮತ್ತೆ ಕಾರಾಯಿತು. ಒಂದು ಬೋಲ್ಟು ಮಿಕ್ಕಿತು. ಗುಮಾಸ್ತರು ಅದನ್ನು ಹಿಡಿದು ಕುಣಿದಾಡಿದಾಗ ಫಿಟ್ಟರಜ್ಜ, ಅದು ಮೊದಲಿನಿಂದಲೂ ಹೆಚ್ಚಾಗಿಯೇ ಇತ್ತು, ಅದಕ್ಕೇ ಕಾರಿಗೆ ಉಸಿರು ಕಟ್ಟುತ್ತಿತ್ತು ಎಂದು ಅದನ್ನು ಜೇಬಿಗೆ ಹಾಕಿಕೊಂಡರು. ಬೀಗದ ಕೈ ತಿರುಗಿಸಿದರು. ಕಾರು ಕೆಮ್ಮಲಿಲ್ಲ, ನಡುಗಲಿಲ್ಲ. ಹೊಟ್ಟೆ ತುಂಬಿದ ಮಗು ನಿದ್ದೆಯಲ್ಲಿ ಉಸಿರಾಡುವ ಹಾಗೆ ಸದ್ದು ಮಾಡುತ್ತ ನಿಂತಿತು. ಹಾರ್ನು ಒತ್ತಿದರೆ ಮಾತ್ರ ಕೂಗಿತು, ಅದೂ 'ದಯವಿಟ್ಟು ಸರಿಯಿರಿ' ಎನ್ನುವಷ್ಟು ವಿನಯದಿಂದ.

"ಬಾ ತಾಯಿ," ಎಂದು ಫಿಟ್ಟರಜ್ಜ ಗುಮಾಸ್ತರ ಹೆಂಡತಿಯನ್ನು ಕರೆದರು.

ಆಕೆ ಎಡಗಡೆಯ ಬಾಗಿಲನ್ನು ಮುಟ್ಟಿದಳು. ಒಂದು ಬೆರಳಿಗೆ ಅದು ತೆರೆದುಕೊಂಡಿತು. ಸೀಟಿನ ಮೇಲೆ ಟೈಲರಮ್ಮ ಹೊಲಿದ ತೆಳ್ಳಗಿನ ದಿಂಬೊಂದಿತ್ತು. ಮಂಡಿ ಹೆಚ್ಚು ಮಡಿಸಬೇಕಾಗದಷ್ಟು ಎತ್ತರಕ್ಕೆ, ಅಳತೆ ತೆಗೆದು ಮಾಡಿದ್ದಳು. ಎಷ್ಟೋ ದಿನಗಳ ಮೇಲೆ ಗುಮಾಸ್ತರ ಹೆಂಡತಿ 'ಅಮ್ಮಾ' ಎನ್ನದೆ ಕೂತಳು. ಕೂತು, ಮುಂದಿನ ಗಾಜಿನಿಂದ ಕಾಲೊನಿಯ ಗೇಟನ್ನು ನೋಡಿದಳು.

"ನಾಳೆ ಎಷ್ಟೊತ್ತಿಗೆ ಹೊರಡೋಣ ರೀ?"

ಗುಮಾಸ್ತರ ಬೆಳಗಿನ ಅನುಮಾನ, ಮಧ್ಯಾಹ್ನದ ನಿರ್ಧಾರ ಎಲ್ಲವೂ ಆ ಮಾತಿನಲ್ಲಿ ಕೊಚ್ಚಿಹೋದವು. ಈ ಕಾರು ಬೇಕು. ಇದೇ ಬೇಕು. ಅಂಗಳದವರಿಗೆ ಏನಾದರೂ ಹೇಳಬೇಕೆಂದು ತಿರುಗಿದರು. ಮಧ್ಯಾಹ್ನ ಆಡಿದ ಮಾತು ಅಡ್ಡ ಬಂತು. "ದಾರಿ ಬಿಡಿ, ಡಾಕ್ಟರಿಗೆ ಹೇಳಿ ಬರ್ಬೇಕು," ಎಂದಷ್ಟೇ ಗದರಿ ಕಾರು ಹತ್ತಿದರು.

ನಡೆದುಕೊಂಡು ಹೋಗಿ 'ಬೇಕು' ಎಂದು ಹೇಳಿಬರಬಹುದಿತ್ತು. ಆದರೆ ಬೆಳಿಗ್ಗೆ ತಮ್ಮ ಕಾರಿನ ಕುಂದುಗಳನ್ನು ಅಷ್ಟು ಮೃದುವಾಗಿ ಎಣಿಸಿದ್ದ ಮನುಷ್ಯನಿಗೆ ಒಮ್ಮೆ ತೋರಿಸಬೇಕೆಂಬ ಹಟ. ಡಾಕ್ಟರ ಮನೆಯ ಮುಂದೆ ಗುಮಾಸ್ತರು ಬೇಕೆಂದೇ ನಿಲ್ಲಿಸಿದರು, ಎಂಜಿನ್ ಓಡುತ್ತಲೇ ಇರಲಿ ಎಂದು ಬಿಟ್ಟರು, ಹಾರ್ನು ಒತ್ತಿದರು. ಡಾಕ್ಟರು ಹೊರಗೆ ಬಂದು, ಬೇರೆ ಯಾರದೋ ಕಾರೆಂದು ಒಳಗೆ ಹೋಗಿ, ಮತ್ತೆ ಬಂದರು.

"ಇದು... ನಂದಾ?"

"ನಿಮ್ದೇ," ಎಂದರು ಗುಮಾಸ್ತರು, ಜೀವನದಲ್ಲಿ ಮೊದಲ ಸಲ ಎದೆಯುಬ್ಬಿಸಿ ಮೃದುವಾಗಿ. ಬಾಗಿಲನ್ನು ಒಂದು ಬೆರಳಿನಲ್ಲಿ ತೆರೆದು ತೋರಿಸಿದರು, ಮುಚ್ಚಿ ತೋರಿಸಿದರು. ಸೀಟು ತೋರಿಸಿದರು. ಬಾನೆಟ್ಟು ಎತ್ತಿ, ತಮಗೆ ತಿಳಿಯದ ಭಾಗಗಳನ್ನೂ ತೋರಿಸಿದರು. ಇಡೀ ಕಾಲೊನಿ ಹೇಗೆ ದಿನವೆಲ್ಲ ದುಡಿಯಿತೆಂದು, ಅವರ ಮುಂದೆ ಹೇಳಲಾಗದ್ದನ್ನೆಲ್ಲ ಇಲ್ಲಿ ವರ್ಣಿಸಿದರು.

ಡಾಕ್ಟರು ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಆಕೆ ಬಂದು ಎಡಗಡೆಯ ಬಾಗಿಲನ್ನು ಮುಟ್ಟಿದರು. ಅದು ತೆರೆದುಕೊಂಡಾಗ ಆ ತಾಯಿಯ ಕಣ್ಣಲ್ಲಿ ನೀರು ಬಂತು.

"ಎಷ್ಟು ವರ್ಷದಿಂದ ನಿಮ್ಮ ಕಡೆಯಿಂದ ಹತ್ತಿ ಗೇರು ದಾಟ್ಕೊಂಡು ಹೋಗ್ತಿದ್ದೀನಿ," ಎಂದರು ಗಂಡನಿಗೆ. ಕೂತರು. ಇಳಿಯಲಿಲ್ಲ.

ಗುಮಾಸ್ತರು ಗಂಟಲು ಸರಿಮಾಡಿಕೊಂಡು, "ನಿರ್ಧಾರ ಮಾಡಿದ್ದೀನಿ. ಕಾರು ಬೇಕು," ಎಂದರು.

"ನಮಗೂ ಬೇಕು," ಎಂದರು ಡಾಕ್ಟರು.

ಗುಮಾಸ್ತರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಮಾರ್ತೀನಿ ಅಂದಿದ್ರಿ."

"ಅಂದಿದ್ದೆ, ಇಲ್ಲ ಅನ್ನಲ್ಲ. ಆದ್ರೆ ನಾನು ಮಾರ್ತೀನಿ ಅಂದಿದ್ದು ಆ ಕಾರು ಸಾರ್. ಇದಲ್ಲ."

"ಹಾಗಾದ್ರೆ ಆ ಕಾರೇ ಕೊಡಿ."

"ಅದೆಲ್ಲಿದೆ ಈಗ? ನೀವೇ ಇಲ್ಲದ ಹಾಗೆ ಮಾಡಿದ್ರಲ್ಲ." ಡಾಕ್ಟರು ನಿಜವಾಗಿಯೂ ನೊಂದುಕೊಂಡರು, ಅದರಲ್ಲಿ ಸುಳ್ಳಿರಲಿಲ್ಲ. ರಿಪೇರಿಯ ಖರ್ಚು ಎಷ್ಟಾದರೂ ಕೊಡುತ್ತೇನೆಂದರು. ಗುಮಾಸ್ತರ ಮುಖ ನೋಡಿ, ಯಾವ ಹಲ್ಲನ್ನಾದರೂ ಪುಕ್ಕಟೆ ಕಿತ್ತುಕೊಡುತ್ತೇನೆಂದರು. ಕೊನೆಗೆ, ಬನ್ನಿ, ಮನೆಯವರೆಗೆ ಕಾರಿನಲ್ಲಿ ಬಿಟ್ಟುಬರುತ್ತೇನೆಂದರು. ಕಾರಿನ ವಿಷಯದಲ್ಲಿ ಅಂದು ಗುಮಾಸ್ತರು ಕೇಳಿದ ಮಾತುಗಳಲ್ಲಿ ಇದರಷ್ಟು ಉರಿಸಿದ್ದು ಇನ್ನೊಂದಿಲ್ಲ.

ಅವರು ಬಗ್ಗಿ, ಡಾಕ್ಟರ ಹೆಂಡತಿಯನ್ನು ಎದ್ದೇಳಿ ಎಂದು, ಸೀಟಿನಿಂದ ದಿಂಬನ್ನು ಎಳೆದುಕೊಂಡರು.

"ಅದೊಂದು ಇರ್ಲಿ ಸಾರ್, ತುಂಬ ಹಿತವಾಗಿದೆ," ಎಂದರು ಆಕೆ.

"ಇದು ನನ್ನ ಹೆಂಡ್ತಿ ಮಂಡಿ ಅಳತೆದು," ಎಂದು ಗುಮಾಸ್ತರು ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ನಡೆದರು.

ಕಾಲೊನಿಯ ಅಂಗಳದಲ್ಲಿ ಎಲ್ಲರೂ ಕಾದಿದ್ದರು. ಹೆಂಡತಿ ಕಲ್ಲುಬೆಂಚಿನಿಂದ ಎದ್ದು ನಿಂತಳು. ದಿಂಬು ಬಂತು, ಅದರ ಹಿಂದೆ ಗಂಡ ಬಂದರು, ಕಾರು ಬರಲಿಲ್ಲ. ಗುಮಾಸ್ತರು ನಡೆದದ್ದನ್ನು ಹೇಳಿದರು. ಯಾರಾದರೂ ನಗುತ್ತಾರೆಂದು ಕಾದರು. ನಕ್ಕಿದ್ದರೆ ಅನುಕೂಲವಾಗುತ್ತಿತ್ತು, ಬೈಯಬಹುದಿತ್ತು.

ಫಿಟ್ಟರಜ್ಜ ಮೆಲ್ಲಗೆ ಕೇಳಿದರು: "ಎಂಜಿನ್ ಸದ್ದು ಕೇಳಿ ಏನಂದ್ರು?"

"ಬೇರೆಯವರ ಕಾರು ಅಂದ್ಕೊಂಡು ಒಳಗೆ ಹೋದ್ರು."

"ಬಾಗಿಲು?" ಎಂದ ವೆಲ್ಡರು.

"ಅವರ ಹೆಂಡ್ತಿ ಅತ್ತೇಬಿಟ್ರು."

ಅಂಗಳದ ಮುಖಗಳೆಲ್ಲ ಒಂದೊಂದಾಗಿ ಬೆಳಗತೊಡಗಿದವು. ಅದನ್ನು ಕಂಡು ಗುಮಾಸ್ತರ ತಾಳ್ಮೆಯ ಕಟ್ಟೆ ಒಡೆಯಿತು.

"ಅಷ್ಟು ಚೆನ್ನಾಗಿ ಮಾಡೋದಕ್ಕೆ ಯಾರು ಹೇಳಿದ್ರು ನಿಮಗೆ? ಸ್ವಲ್ಪ ಕೆಟ್ಟದಾಗಿ ಮಾಡೋಕೆ ಏನಾಗಿತ್ತು? ಇಡೀ ಊರು ಹುಡುಕಿದ್ರೂ ಇಂಥ ಕೈಗಳು ಸಿಗಲ್ಲ, ಅದೇ ನನ್ನ ಗ್ರಹಚಾರ!"

ಕತ್ತಲಾಗುವವರೆಗೂ ಬೈಗುಳ ಸಾಗಿತು. ಫಿಟ್ಟರಜ್ಜ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು. ಕಾರ್ಖಾನೆ ಮುಚ್ಚಿದ ಮೇಲೆ ಯಾರೂ ಅವರ ಕೈಗಳನ್ನು ಕುರಿತು ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಮಧ್ಯಾಹ್ನದ ಮಾತು ಎಲ್ಲಿ ಹೋಯಿತೋ. ಟೈಲರಮ್ಮ ದಿಂಬನ್ನು ತೆಗೆದುಕೊಂಡು ಕಲ್ಲುಬೆಂಚಿನ ಮೇಲಿಟ್ಟು, ಗುಮಾಸ್ತರ ಹೆಂಡತಿಯ ಕೈಹಿಡಿದು ಅದರ ಮೇಲೆ ಕೂರಿಸಿದಳು. "ನಾಳೆ ನಾನೂ ಬರ್ತೀನಿ ಅಕ್ಕ ಬಸ್ಸಿಗೆ. ನೀವು ಹತ್ತೋವರೆಗೂ ಬಾಗಿಲಲ್ಲಿ ನಾನು ನಿಂತಿರ್ತೀನಿ, ಅವನು ಹೇಗೆ ಗಂಟೆ ಹೊಡೀತಾನೋ ನೋಡೋಣ," ಎಂದಳು.

ಬೈದು ಬೈದು ಬೆವರಿದ ಗುಮಾಸ್ತರು ಮನೆಯೊಳಗೆ ಹೋಗಿ, ಕುರ್ಚಿಯಲ್ಲಿ ಕುಸಿದು, ಫ್ಯಾನಿನ ಗುಂಡಿ ಒತ್ತಿದರು. ಗಾಳಿ ಬರಲಿಲ್ಲ. ತಲೆಯೆತ್ತಿ ನೋಡಿದರೆ ಮೇಲೆ ಒಂದು ಕೊಕ್ಕೆ ಮಾತ್ರ ಇತ್ತು.

"ಸಾರ್," ಎಂದ ವೆಲ್ಡರು ಬಾಗಿಲಿನಿಂದ, ಕೈಯಲ್ಲಿ ಫ್ಯಾನಿನ ರೆಕ್ಕೆಯೊಂದನ್ನು ಹಿಡಿದು, ಬಹಳ ವಿನಯವಾಗಿ. "ನೀವು ಬರೋದು ತಡ ಆಯ್ತು. ಸುಮ್ನೆ ಕೂತಿದ್ವಿ."